ಸೋಸಿದ ನೀರು, ಸೋಸದ ಸುದ್ದಿ

ಶ್ರಾವಕನ ಮನೆಯಲ್ಲಿ ನೀರನ್ನು ಸೋಸದೆ ಕುಡಿಯುವ ರೂಢಿಯಿಲ್ಲ. ದಪ್ಪನೆಯ ಬಟ್ಟೆಯನ್ನು ಎರಡು ಪದರ ಮಾಡಿ ಕೊಡದ ಬಾಯಿಗೆ ಕಟ್ಟಿ, ನೀರನ್ನು ನಿಧಾನವಾಗಿ ಸುರಿದು, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಆ ನೀರು ಯಾವ ಬಾವಿಯಿಂದ ಬಂದಿತ್ತೋ ಅದೇ ಬಾವಿಗೆ ಮರಳಿಸುವುದು ಹಿರಿಯರು ನಡೆಸಿಕೊಂಡು ಬಂದ ಕ್ರಮ. ಬಾವಿಯ ಕಾಲ ಹೋಗಿ ನಳದ ಕಾಲ ಬಂದಾಗ ಗೃಹಿಣಿಯರು ನಳದ ಬಾಯಿಗೇ ಬಿಳಿಯ ಬಟ್ಟೆಯನ್ನು ಕಟ್ಟಿದರು. ಸಾಧನ ಬದಲಾಯಿತು, ಅಹಿಂಸೆಯ ಎಚ್ಚರ ಬದಲಾಗಲಿಲ್ಲ. ಮನೆಮಾತು ಕನ್ನಡವಿರಲಿ, ಮರಾಠಿ, ಗುಜರಾತಿ, ಮಾರವಾಡಿಯೇ ಇರಲಿ, ಸೊಲ್ಲಾಪುರದ ಜೈನ ಮನೆಗಳಲ್ಲಿ ಈ ಬಟ್ಟೆಯ ಅರ್ಥ ಒಂದೇ.

ಇಂದು ಅದೇ ಮನೆಯೊಳಗೆ ಹಗಲಿರುಳೆನ್ನದೆ ಇನ್ನೊಂದು ಪ್ರವಾಹ ಹರಿದು ಬರುತ್ತಿದೆ. ಅದು ಸುದ್ದಿಯ ಪ್ರವಾಹ. ಅಂಗೈಯಲ್ಲಿರುವ ಯಂತ್ರದ ಮೂಲಕ ಅದು ಬರುತ್ತದೆ, ಮತ್ತು ಅದೇ ಯಂತ್ರದ ಮೂಲಕ ಇತರರ ಮನೆಗಳಿಗೆ ಹೋಗುತ್ತದೆ. ನೀರಿಗೆ ಕಟ್ಟಿದ ಬಟ್ಟೆಯನ್ನು ಈ ಪ್ರವಾಹಕ್ಕೆ ಕಟ್ಟುವವರು ಯಾರು? ಹೊಸ ಯಂತ್ರಗಳ ಬಗೆಗೆ, ಅವು ಸಮಾಜಕ್ಕೆ ಮಾಡುವ ಹಿತಾಹಿತಗಳ ಬಗೆಗೆ ಸಾಮಾನ್ಯ ಗೃಹಸ್ಥನು ಕೇಳುವ, ಹೇಳುವ ಮತ್ತು ಹಂಚುವ ಮಾತಿಗೂ ಧರ್ಮದ ಹೊಣೆಯಿದೆಯೇ? ಈ ಪ್ರಶ್ನೆ ವಿಚಾರಕ್ಕೆ ಯೋಗ್ಯವಾದುದು.

ಬಸ್ಸಿನಲ್ಲಿ ಕೇಳಿಬರುವ ತೀರ್ಪುಗಳು

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರಿನ ದಾರಿ. ಈ ದಾರಿಯ ಎಸ್.ಟಿ. ಬಸ್ಸಿನಲ್ಲಿ ಒಂದು ಮಾತು ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯುವುದು ಸಹಜ. ಹಿರಿಯರೊಬ್ಬರು, "ಈ ಮೊಬೈಲ್ ಬಂದ ಮ್ಯಾಲೆ ಮನಿ ಮಂದಿ ಒಬ್ಬರ ಮಾರಿ ಒಬ್ಬರು ನೋಡೂದ ಬಿಟ್ಟಾರ" ಎಂದರೆ, ಪಕ್ಕದ ತರುಣನು, "ಅಜ್ಜಾರ, ಪುಣೆದಾಗಿನ ಮೊಮ್ಮಗಳ ಮಾರಿ ನೀವು ದಿನಾ ನೋಡೂದು ಅದರಾಗ ಅಲ್ಲೇನ್ರಿ" ಎಂದು ನಗುತ್ತಾನೆ. ಮುಂದಿನ ಸೀಟಿನವರು ಕೃತಕ ಬುದ್ಧಿಮತ್ತೆಯಿಂದ ಎಲ್ಲರ ನೌಕರಿಯೂ ಹೋಗುವುದೆಂದು ಓದಿ ಹೇಳುತ್ತಾರೆ. ಹಿಂದಿನ ಸೀಟಿನವರು ಹೊಸ ಗೋಪುರದ ಕಿರಣಗಳಿಂದ ಊರಿನ ಗುಬ್ಬಿಗಳೆಲ್ಲ ಸತ್ತವೆಂದು ಸಾರುತ್ತಾರೆ. ಬಸ್ಸು ನಿಲ್ದಾಣವನ್ನು ತಲುಪುವ ಹೊತ್ತಿಗೆ ನಾಲ್ಕು ತೀರ್ಪುಗಳು ಹೊರಬಿದ್ದಿರುತ್ತವೆ. ಈ ಸುದ್ದಿಯನ್ನು ಮೊದಲು ಹೇಳಿದವರು ಯಾರು, ಕಣ್ಣಾರೆ ಕಂಡವರು ಯಾರು ಎಂದು ಕೇಳಿದವರು ಮಾತ್ರ ಒಬ್ಬರೂ ಇರುವುದಿಲ್ಲ.

ಇಂಥ ಮಾತುಗಳನ್ನು ಹೊತ್ತು ಕಳೆಯುವ ಹರಟೆಯೆಂದು ತಳ್ಳಿಹಾಕುವುದು ಸುಲಭ. ಹಿಂದಿನ ಕಾಲದಲ್ಲಿ ಹರಟೆಯು ಬಸ್ಸಿನಿಂದ ಇಳಿದೊಡನೆ ಕರಗುತ್ತಿತ್ತು. ಈಗ ಅದು ಕರಗುವುದಿಲ್ಲ. ಇಳಿಯುವ ಮೊದಲೇ ಅದು ಇನ್ನೈದು ಊರುಗಳಿಗೆ ಹೋಗಿರುತ್ತದೆ.

ಅಚ್ಚಿನ ಯಂತ್ರ ಬಂದಾಗ

ಹೊಸ ಯಂತ್ರದ ಬಗೆಗೆ ವಾದವಿವಾದ ನಡೆದದ್ದು ಜೈನ ಸಮಾಜದಲ್ಲಿ ಇದೇ ಮೊದಲೇನಲ್ಲ. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಶಾಸ್ತ್ರಗ್ರಂಥಗಳನ್ನು ಅಚ್ಚು ಹಾಕಿಸಬಹುದೇ ಎಂಬ ಪ್ರಶ್ನೆ ಊರೂರುಗಳಲ್ಲಿ ಕಾವೇರಿತು. ಅಚ್ಚಿನ ಶಾಯಿ ಮತ್ತು ಸರೇಸಿನಲ್ಲಿ ಅಶುದ್ಧ ವಸ್ತುಗಳು ಸೇರಿರುತ್ತವೆ, ಜಿನವಾಣಿ ಕಂಡಕಂಡವರ ಕೈಗೆ ಸಿಕ್ಕು ಅವಿನಯಕ್ಕೆ ಗುರಿಯಾಗುತ್ತದೆ ಎಂದು ಒಂದು ಪಕ್ಷ ವಾದಿಸಿತು. ಓದುವವರಿಲ್ಲದೆ ಹುಳು ತಿನ್ನುವ ಶಾಸ್ತ್ರಕ್ಕೆ ಯಾವ ವಿನಯ ಸಂದಂತಾಯಿತು ಎಂದು ಇನ್ನೊಂದು ಪಕ್ಷ ಕೇಳಿತು.

ಈ ಪ್ರಕರಣದಲ್ಲಿ ಸೊಲ್ಲಾಪುರಕ್ಕೆ ವಿಶೇಷ ಸ್ಥಾನವಿದೆ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ರಚಿಸಿದ ಧವಲಾ ಟೀಕೆ ಮತ್ತು ಕಷಾಯಪಾಹುಡದ ಜಯಧವಲಾ ಟೀಕೆಗಳ ಪ್ರಾಚೀನ ತಾಡಪತ್ರಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ; ಲಿಪಿ ಹಳಗನ್ನಡ. ಶತಮಾನಗಳ ಕಾಲ ಭಕ್ತರು ಅವುಗಳ ದರ್ಶನ ಪಡೆದು ಕೈಮುಗಿದು ಹೋಗುತ್ತಿದ್ದರು. ಸೊಲ್ಲಾಪುರದ ಸೇಠ್ ಹಿರಾಚಂದ ನೇಮಚಂದ ದೋಶಿಯವರು ಮತ್ತು ಮುಂಬಯಿಯ ಸೇಠ್ ಮಾಣಿಕಚಂದರು 1880ರ ದಶಕದಲ್ಲಿ ಮೂಡುಬಿದಿರೆಗೆ ಯಾತ್ರೆ ಹೋದಾಗ ಓಲೆಗಳು ಶಿಥಿಲವಾಗುತ್ತಿರುವುದನ್ನು ಸ್ವತಃ ಕಂಡು ಚಿಂತಿತರಾದರು. ಹಿರಾಚಂದರು ಅದೇ ದಶಕದಲ್ಲಿ ಸೊಲ್ಲಾಪುರದಿಂದ 'ಜೈನ ಬೋಧಕ' ಎಂಬ ಮರಾಠಿ ಮಾಸಪತ್ರಿಕೆಯನ್ನು ಆರಂಭಿಸಿದವರು. ಅಚ್ಚಿನ ಯಂತ್ರದ ಶಕ್ತಿಯನ್ನು ಬಲ್ಲವರು. ಆದರೂ ಅವರು ಅವಸರಪಡಲಿಲ್ಲ. ನಿಧಿ ಕೂಡಿಸಿದರು, ಬಸದಿಯ ಪಂಚರ ಒಪ್ಪಿಗೆಗಾಗಿ ಕಾದರು. 1896ರ ಸುಮಾರಿಗೆ ಬ್ರಹ್ಮಸೂರಿ ಶಾಸ್ತ್ರಿಗಳು ಮತ್ತು ಗಜಪತಿ ಉಪಾಧ್ಯಾಯರಿಂದ ಪ್ರತಿಲೇಖನದ ಕಾರ್ಯ ಆರಂಭವಾಯಿತು. ಆ ಕೆಲಸ ಪೂರ್ಣಗೊಂಡದ್ದು 1922ರ ವೇಳೆಗೆ.

ಪ್ರತಿಗಳು ಸಿದ್ಧವಾದ ಮೇಲೂ ಅವು ಹೊರಗೆ ಹೋಗಬಾರದೆಂಬ ನಿರ್ಬಂಧವಿತ್ತು. ಮುಂದೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಅಚ್ಚಾಗಿ ಬಂದಿತು. ಗಡಿಭಾಗದ ಸದಲಗಾ ಗ್ರಾಮದಲ್ಲಿ ಜನಿಸಿದ ಕನ್ನಡಿಗ ವಿದ್ವಾಂಸ ಡಾ. ಆ.ನೇ. ಉಪಾಧ್ಯೆಯವರ ನೆರವೂ ಆ ಕಾರ್ಯಕ್ಕೆ ದೊರಕಿತ್ತು. ಮುಂದಿನ ಸುಮಾರು ಎರಡು ದಶಕಗಳಲ್ಲಿ ಒಟ್ಟು 16 ಸಂಪುಟಗಳು ಹೊರಬಂದವು. ಅವುಗಳ ಪುನರ್ಮುದ್ರಣದ ಹೊಣೆಯನ್ನು ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘವು ತನ್ನ ಜೀವರಾಜ ಜೈನ ಗ್ರಂಥಮಾಲೆಯ ಮೂಲಕ ಹೊತ್ತಿತು.

ಈ ಇತಿಹಾಸವನ್ನು ಓದುವಾಗ, ಅಚ್ಚನ್ನು ವಿರೋಧಿಸಿದವರು ಮೂಢರು, ಬೆಂಬಲಿಸಿದವರು ಜ್ಞಾನಿಗಳು ಎಂದು ಸರಳವಾಗಿ ವಿಭಾಗಿಸುವ ಮೋಹ ಹುಟ್ಟುತ್ತದೆ. ಅದು ನ್ಯಾಯವಲ್ಲ. ವಿರೋಧಿಸಿದವರ ಭಯದಲ್ಲಿ ಒಂದು ಸತ್ಯಾಂಶವಿತ್ತು. ಆ ಭಯವನ್ನು ಗೌರವಿಸಿದ್ದರಿಂದಲೇ ಇಂದಿಗೂ ಅಚ್ಚಾದ ಶಾಸ್ತ್ರವನ್ನು ನೆಲದ ಮೇಲೆ ಇಡುವುದಿಲ್ಲ. ವಸ್ತ್ರದಲ್ಲಿ ಸುತ್ತಿ, ಪೀಠದ ಮೇಲಿಟ್ಟು, ಕೈಕಾಲು ತೊಳೆದು ಓದುತ್ತಾರೆ. ಓಲೆಗೆ ಸಲ್ಲುತ್ತಿದ್ದ ಮರ್ಯಾದೆಯೂ ಓಲೆಯಿಂದ ಕಾಗದಕ್ಕೆ ದಾಟಿ ಬಂದಿತು. ಬೆಂಬಲಿಸಿದವರಾದರೂ ಯಂತ್ರದ ಹೊಳಪಿಗೆ ಮರುಳಾದವರಲ್ಲ. ಅವರು ಹೋಗಿ ನೋಡಿದರು, ಕಾದರು, ಹಣ ಮತ್ತು ಆಯುಷ್ಯವನ್ನು ವ್ಯಯಿಸಿದರು. ಅವರ ಅಭಿಪ್ರಾಯದ ಹಿಂದೆ ಶ್ರಮವಿತ್ತು. ಇದೇ ಹಿರಾಚಂದರ ಪುತ್ರ, 1882ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದ ವಾಲಚಂದ ಹಿರಾಚಂದರು ಮುಂದೆ ಹಡಗು, ವಿಮಾನ ಮತ್ತು ಮೋಟಾರು ಉದ್ಯಮಗಳನ್ನು ಕಟ್ಟಿದರು. ಹಳೆಯ ಓಲೆಯನ್ನು ಕಾಯುವ ಮನಸ್ಸಿಗೂ ಹೊಸ ಯಂತ್ರವನ್ನು ಬಯಸುವ ಮನಸ್ಸಿಗೂ ಒಂದೇ ಮನೆಯಲ್ಲಿ ಸ್ಥಳವಿತ್ತು.

ನಯ ಮತ್ತು ದುರ್ನಯ

ಒಂದು ವಸ್ತುವನ್ನು ಒಂದು ನೆಲೆಯಿಂದ ನೋಡಿ ಹೇಳುವ ಮಾತಿಗೆ ಜೈನ ತತ್ತ್ವಜ್ಞರು 'ನಯ' ಎಂದರು. ತನ್ನ ನೆಲೆಯೊಂದೇ ಪೂರ್ಣಸತ್ಯವೆಂದು ಹಟ ಹಿಡಿದಾಗ ಅದೇ ಮಾತು 'ದುರ್ನಯ' ಎನಿಸುತ್ತದೆ. ಸೊಲ್ಲಾಪುರದವರಿಗೆ ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದಾಗ ತೆಲುಗು ಸೀಮೆಯಿಂದ ಬಂದು ನೆಲೆಸಿದ್ದ ಪದ್ಮಶಾಲಿ ನೇಕಾರನಿಗೆ ತನ್ನ ಕೈಯ ಕಸುಬು ಬೆಲೆ ಕಳೆದುಕೊಳ್ಳುವುದು ಕಂಡಿತು. ಚಾದರ ಕೊಳ್ಳುವ ಬಡವನಿಗೆ ಕಡಿಮೆ ಬೆಲೆಗೆ ಬೆಚ್ಚನೆಯ ಹೊದಿಕೆ ಸಿಕ್ಕಿತು. ವ್ಯಾಪಾರಿಗೆ ದೂರದ ಪೇಟೆ ತೆರೆಯಿತು. ಮಗ್ಗದ ಗದ್ದಲದ ನಡುವೆ ದುಡಿಯುವವನ ಕಿವಿಗೆ ಬೇರೆಯೇ ಅನುಭವವಾಯಿತು. ನಾಲ್ವರ ಮಾತೂ ನಿಜ. 'ಮಗ್ಗ ಒಳ್ಳೆಯದೋ ಕೆಟ್ಟದ್ದೋ' ಎಂಬ ಪ್ರಶ್ನೆಗೆ ಯಾರಿಗೆ, ಯಾವಾಗ, ಯಾವ ಬೆಲೆ ತೆತ್ತು ಎಂದು ಕೇಳದೆ ಉತ್ತರ ಕೊಡುವುದು ದುರ್ನಯ. ಮೊಬೈಲು, ಅಂತರ್ಜಾಲ, ಕೃತಕ ಬುದ್ಧಿಮತ್ತೆಗಳ ಬಗೆಗೆ ಬಸ್ಸಿನಲ್ಲಿ ಕೇಳಿಬರುವ ತೀರ್ಪುಗಳಿಗೂ ಈ ಮಾತು ಅನ್ವಯಿಸುತ್ತದೆ.

ಇಷ್ಟು ಮಾತ್ರವಾಗಿದ್ದರೆ ಇದು ವಿದ್ವಾಂಸರ ಚರ್ಚೆಯಾಗಿ ಉಳಿಯುತ್ತಿತ್ತು. ಆದರೆ ಸೋಸದ ಸುದ್ದಿಯಿಂದ ಪ್ರಾಣಗಳು ಹೋಗಿವೆ. ಅದು ಸೊಲ್ಲಾಪುರ ಜಿಲ್ಲೆಯ ಮನೆಗಳನ್ನೇ ತಟ್ಟಿದ ದುಃಖ.

2018ರ ಜುಲೈ ತಿಂಗಳು

2018ರ ಜುಲೈ 1, ಭಾನುವಾರ. ಧುಳೆ ಜಿಲ್ಲೆಯ ಸಾಕ್ರಿ ತಾಲೂಕಿನ ರೈನ್‌ಪಾಡಾ ಎಂಬ ಹಳ್ಳಿಯಲ್ಲಿ ಸಂತೆಯ ದಿನ. ಮಕ್ಕಳನ್ನು ಕದಿಯುವ ತಂಡಗಳು ತಿರುಗುತ್ತಿವೆ ಎಂಬ ವದಂತಿ ಕೆಲವು ದಿನಗಳಿಂದ ಫೋನಿನಿಂದ ಫೋನಿಗೆ ಹರಿದಾಡುತ್ತಿತ್ತು. ಅಂದು ಅಲ್ಲಿಗೆ ಬಂದಿದ್ದವರು ನಾಥಪಂಥಿ ದವರಿ ಗೋಸಾವಿ ಸಮಾಜದ ಅಲೆಮಾರಿಗಳು. ಭಿಕ್ಷೆ ಬೇಡಿ ಜೀವಿಸುವವರು. ಅವರಲ್ಲಿ ಒಬ್ಬರು ಒಂದು ಮಗುವಿನೊಡನೆ ಮಾತನಾಡಿದ್ದೇ ಸಂಶಯಕ್ಕೆ ಸಾಕಾಯಿತು. ಜನರು ಐವರನ್ನು ಗ್ರಾಮ ಪಂಚಾಯತಿಯ ಕೋಣೆಗೆ ಎಳೆದೊಯ್ದು ಹೊಡೆದು ಕೊಂದರು. ಮೃತರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರು. ಎರಡು ವಾರ ಕಳೆಯುವುದರೊಳಗೆ, ಜುಲೈ 13ರಂದು, ಬೀದರ ಜಿಲ್ಲೆಯ ಮುರ್ಕಿಯಲ್ಲಿ ಇಂಥದೇ ಘಟನೆ ನಡೆಯಿತು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟಿದ್ದರು. ಸಂದೇಶವು ಅವರ ಕಾರಿಗಿಂತ ವೇಗವಾಗಿ ಮುಂದಿನ ಊರನ್ನು ತಲುಪಿತು. ದಾರಿಗೆ ಅಡ್ಡಗಟ್ಟಲಾಯಿತು. ಅವರಲ್ಲೊಬ್ಬ ತರುಣ ಎಂಜಿನಿಯರ್ ಪ್ರಾಣ ಕಳೆದುಕೊಂಡನು.

ಆ ವರ್ಷ ದೇಶದ ಹಲವೆಡೆ ಹರಡಿದ್ದ ಒಂದು ವಿಡಿಯೊದ ಕಥೆಯನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು. ಮೋಟಾರುಸೈಕಲ್ಲಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದರಲ್ಲಿತ್ತು. ವಾಸ್ತವದಲ್ಲಿ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಪಾಕಿಸ್ತಾನದ ಕರಾಚಿಯಲ್ಲಿ ತಯಾರಾದ ಕಿರುಚಿತ್ರ. ಮೂಲದಲ್ಲಿ ಆ ಇಬ್ಬರು ಮರಳಿ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕವನ್ನು ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದರು. ಉಳಿದ ಚಿತ್ರದಲ್ಲಿ ಕಂಡದ್ದೆಲ್ಲ ನಡೆದದ್ದೇ. ಆದರೆ ಒಟ್ಟು ಮಾತು ಸುಳ್ಳು. ಅಂಶವೇ ಪೂರ್ಣವೆಂದು ನಟಿಸುವ ದುರ್ನಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ಹೊಣೆ ಯಾರದು?

ಆ ಸಂದೇಶಗಳನ್ನು ಮುಂದೆ ಕಳಿಸಿದವರಲ್ಲಿ ಬಹುಪಾಲು ಜನ ದುಷ್ಟರಾಗಿರಲಿಕ್ಕಿಲ್ಲ. ತಮ್ಮ ಮಕ್ಕಳ ಮೇಲಿನ, ನೆರೆಹೊರೆಯ ಮಕ್ಕಳ ಮೇಲಿನ ಪ್ರೀತಿಯಿಂದಲೇ ಕಳಿಸಿರುತ್ತಾರೆ. 'ನಿಜವಿದ್ದರೆ ಉಪಯೋಗವಾದೀತು, ಸುಳ್ಳಾದರೆ ನಷ್ಟವೇನು' ಎಂದುಕೊಂಡಿರುತ್ತಾರೆ. ನೈತಿಕ ಪ್ರಶ್ನೆಯ ಗಂಟು ಇರುವುದು ಇಲ್ಲಿಯೇ. ಒಳ್ಳೆಯ ಉದ್ದೇಶವಿದ್ದರೆ ಸಾಕೇ?

ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ದ್ವೇಷಕ್ಕಲ್ಲ, ಪ್ರಮಾದಕ್ಕೆ ಪ್ರಥಮ ಸ್ಥಾನವನ್ನು ಕೊಟ್ಟಿದ್ದಾರೆ. ಪ್ರಮಾದವೆಂದರೆ ಎಚ್ಚರಗೇಡಿತನ. ನೆಲವನ್ನು ನೋಡದೆ ಕಾಲಿಟ್ಟವನಿಗೆ ಇರುವೆಯ ಮೇಲೆ ವೈರವಿರುವುದಿಲ್ಲ. ಆದರೂ ಅವನು ನಿರ್ದೋಷಿಯಲ್ಲ. ನೋಡದೆ ಒತ್ತಿದ ಬೆರಳಿಗೂ ಇದೇ ನ್ಯಾಯ. ಕರ್ಮಬಂಧವು ಕೃತ, ಕಾರಿತ, ಅನುಮೋದನೆ ಎಂಬ ಮೂರು ದಾರಿಗಳಿಂದ ಬರುತ್ತದೆಂದು ಆಚಾರ್ಯರು ಹೇಳುತ್ತಾರೆ. ತಾನೇ ಮಾಡುವುದು ಕೃತ, ಇತರರಿಂದ ಮಾಡಿಸುವುದು ಕಾರಿತ, ಮಾಡಿದ್ದನ್ನು ಮೆಚ್ಚುವುದು ಅನುಮೋದನೆ. ವದಂತಿಯನ್ನು ಕಟ್ಟಿದವನು ಒಬ್ಬನೇ ಇರಬಹುದು. ಅದಕ್ಕೆ ಕಾಲು ಕೊಟ್ಟವರು, ಹೆಬ್ಬೆರಳೆತ್ತಿ ಮೆಚ್ಚಿದವರು ಲೆಕ್ಕವಿಲ್ಲದಷ್ಟು. 'ಬರೆದವನು ನಾನಲ್ಲ, ಬಂದದ್ದನ್ನು ಕಳಿಸಿದೆ' ಎಂಬ ಸಮಾಧಾನವು ಈ ಮೂರು ದಾರಿಗಳ ವಿಚಾರದ ಮುಂದೆ ನಿಲ್ಲುವುದಿಲ್ಲ.

ಗೃಹಸ್ಥನ ಸತ್ಯಾಣುವ್ರತಕ್ಕೆ ಹೇಳಿರುವ ಅತಿಚಾರಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ತಪ್ಪು ದಾರಿ ತೋರುವ ಮಿಥ್ಯೋಪದೇಶ, ಏಕಾಂತದ ಮಾತನ್ನು ಬಯಲು ಮಾಡುವ ರಹೋಭ್ಯಾಖ್ಯಾನ, ಸುಳ್ಳು ಬರಹವನ್ನು ಸೃಷ್ಟಿಸುವ ಕೂಟಲೇಖಕ್ರಿಯೆ ಇವೆಲ್ಲ ಅಲ್ಲಿ ಸೇರಿವೆ. ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ಹೇಳಿದ ಈ ದೋಷಗಳು, ಪರಿಚಿತರ ಮುಖವನ್ನೂ ಧ್ವನಿಯನ್ನೂ ಕೃತಕವಾಗಿ ತಯಾರಿಸಬಲ್ಲ ಈ ಕಾಲಕ್ಕೆ ಇನ್ನಷ್ಟು ಹತ್ತಿರವಾಗಿವೆ. ಯಂತ್ರ ಹೊಸದು, ದೋಷ ಹಳೆಯದು.

ಹಾಗಾದರೆ ಯಂತ್ರಕ್ಕೆ ಯಾವ ದೋಷವೂ ಇಲ್ಲವೇ? 'ಚಾಕು ತಾನಾಗಿ ಕೊಲ್ಲುವುದಿಲ್ಲ, ಹಿಡಿದವನು ಕೊಲ್ಲುತ್ತಾನೆ' ಎಂಬ ಮಾತು ಎಲ್ಲರಿಗೂ ಗೊತ್ತಿದೆ. ಅದೂ ಒಂದು ನಯವೇ, ಪೂರ್ಣಸತ್ಯವಲ್ಲ. ಒಂದೇ ಒತ್ತಿಗೆ ನೂರಾರು ಜನರಿಗೆ ಸಂದೇಶ ಹೋಗುವಂತೆ ಯಂತ್ರವನ್ನು ರೂಪಿಸಿದವರೂ ಮನುಷ್ಯರೇ. 2018ರ ಜುಲೈನಲ್ಲಿಯೇ ವಾಟ್ಸ್‌ಆ್ಯಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಮುಂದೂಡಬಹುದೆಂಬ ಮಿತಿಯನ್ನು ತಂದಿತು. 2019ರ ಜನವರಿಯಲ್ಲಿ ಅದು ಜಗತ್ತಿಗೆಲ್ಲ ವಿಸ್ತರಿಸಿತು. ಯಂತ್ರಕ್ಕೂ ಸೋಸುವ ಬಟ್ಟೆಯನ್ನು ಕಟ್ಟಲು ಸಾಧ್ಯವೆಂಬುದಕ್ಕೆ ಇದೇ ಸಾಕ್ಷಿ. ಆದರೆ ಒಬ್ಬನು ಐವರಿಗೆ, ಆ ಐವರು ಐದೈದು ಜನರಿಗೆ ಕಳಿಸುತ್ತ ಹೋದರೆ ಆರನೆಯ ಹೆಜ್ಜೆಗೆ ಸಂಖ್ಯೆ 15,625 ಆಗುತ್ತದೆ. ಯಂತ್ರ ಕಟ್ಟಿದ ಬಟ್ಟೆ ತೆಳುವಾದುದು. ಇನ್ನೊಂದು ಪದರವನ್ನು ಮನೆಯವರೇ ಹಾಕಬೇಕು.

ಮೌನವೂ ಉತ್ತರವಲ್ಲ

ಇದನ್ನು ಕೇಳಿ ಕೆಲವರು, ಫೋನನ್ನೇ ಮುಟ್ಟದಿರುವುದು ಮೇಲು, ಯಾವ ಸುದ್ದಿಯನ್ನೂ ಹೇಳದಿರುವುದು ಮೇಲು ಎಂದಾರು. ವ್ರತಿಗಳಿಗೆ ಅದು ಶೋಭಿಸುತ್ತದೆ. ಸಂಸಾರಸ್ಥರಿಗೆ ಅದು ಪೂರ್ಣ ಪರಿಹಾರವಲ್ಲ. ಪೊಲೀಸರ ವೇಷ ತೊಟ್ಟು, ವಿಡಿಯೊ ಕರೆ ಮಾಡಿ, 'ಡಿಜಿಟಲ್ ಅರೆಸ್ಟ್' ಎಂದು ಬೆದರಿಸಿ ವೃದ್ಧರ ಜೀವಮಾನದ ಉಳಿತಾಯವನ್ನು ದೋಚುವ ವಂಚನೆಗಳು ಇತ್ತೀಚಿನ ವರ್ಷಗಳಲ್ಲಿ ಹೆಚ್ಚಿವೆ. ಭಾರತದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲವೆಂದು ಪ್ರಧಾನಮಂತ್ರಿಗಳೇ 2024ರ ಅಕ್ಟೋಬರಿನಲ್ಲಿ ರೇಡಿಯೊ ಭಾಷಣದಲ್ಲಿ ಹೇಳಬೇಕಾಯಿತು. ಈ ನಿಜಸುದ್ದಿಯನ್ನು ಮನೆಯ ಹಿರಿಯರಿಗೆ ಅವರ ಮಾತಿನಲ್ಲಿ, ಅವರ ಪಕ್ಕದಲ್ಲಿ ಕುಳಿತು, ಮೊದಲೇ ತಿಳಿಸಿದ್ದರೆ ಎಷ್ಟೋ ಮನೆಗಳು ಉಳಿಯುತ್ತಿದ್ದವು. ಹಣ ಹೋದ ಕೂಡಲೆ 1930 ಸಂಖ್ಯೆಗೆ ದೂರು ಕೊಡಬೇಕೆಂಬುದೂ ಅವರಿಗೆ ತಿಳಿದಿರಬೇಕು. ಸುಳ್ಳನ್ನು ಹಂಚುವುದು ದೋಷವಾದಂತೆ, ಅಗತ್ಯವಾದ ಸತ್ಯವನ್ನು ಹೇಳದಿರುವುದೂ ಪ್ರಮಾದವೇ. ನೀರಿನಲ್ಲಿ ಜೀವಗಳಿವೆಯೆಂದು ಹಿರಿಯರು ನೀರು ಕುಡಿಯುವುದನ್ನು ಬಿಡಲಿಲ್ಲ, ಸೋಸಿ ಕುಡಿದರು.

ಸೋಸುವ ಕ್ರಮ

ಆ ಕ್ರಮವೇ ಸುದ್ದಿಗೂ ದಾರಿದೀಪವಾಗಬಲ್ಲದು. ಮೊದಲನೆಯದು, ಬಟ್ಟೆ ದಪ್ಪವಾಗಿರಬೇಕು. ಯಾರು ಹೇಳಿದರು, ಎಂದು ಹೇಳಿದರು, ಎಲ್ಲಿ ನಡೆಯಿತು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಸಂದೇಶ ಮುಂದೆ ಹೋಗಬಾರದು. ಎರಡನೆಯದು, ನಿಧಾನವಾಗಿ ಸುರಿಯಬೇಕು. ಕೋಪವನ್ನೋ ಭಯವನ್ನೋ ಥಟ್ಟನೆ ಕೆರಳಿಸುವ ಸುದ್ದಿಯನ್ನು ಒಂದು ಸಾಮಾಯಿಕದ ಅವಧಿ, ಅಂದರೆ 48 ನಿಮಿಷ, ಹಾಗೆಯೇ ಇಟ್ಟರೆ ಅದರಲ್ಲಿನ ಕೆಸರು ತಳಕ್ಕೆ ಇಳಿಯುತ್ತದೆ. ಮೂರನೆಯದು, ಮಾತಿಗೆ 'ಸ್ಯಾತ್' ಎಂಬ ಮಿತಿಯಿರಬೇಕು. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬೇರೆಬೇರೆಯಾಗಿಯೇ ಹೇಳಬೇಕು. ಹಲವು ಭಾಷೆಗಳು ಕೂಡಿದ ಈ ಪ್ರದೇಶದಲ್ಲಿ ಇದು ಇನ್ನೂ ಅಗತ್ಯ. ಒಂದು ಭಾಷೆಯಲ್ಲಿ 'ಹೀಗಂತೆ' ಎಂದಿದ್ದುದು ಇನ್ನೊಂದು ಭಾಷೆಗೆ ದಾಟುವಾಗ 'ಹೀಗೆ ಆಗಿದೆ' ಎಂದಾಗಿಬಿಡುತ್ತದೆ. ಕನ್ನಡದ 'ಅಂತೆ' ಎಂಬ ಪುಟ್ಟ ಪ್ರತ್ಯಯವನ್ನು ಉಳಿಸಿಕೊಂಡರೆ ಎಷ್ಟೋ ಅನರ್ಥಗಳು ತಪ್ಪುತ್ತವೆ.

ನಾಲ್ಕನೆಯದು ಎಲ್ಲಕ್ಕಿಂತ ಕಠಿಣವಾದುದು. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಬಂದ ಬಾವಿಗೇ ಮರಳಿಸುವ ಕ್ರಮವಿದೆಯಲ್ಲವೇ? ಹಂಚಿದ ಮಾತು ಸುಳ್ಳೆಂದು ತಿಳಿದಾಗ, ಅದು ಯಾವ ದಾರಿಯಲ್ಲಿ ಹೋಗಿತ್ತೋ ಅದೇ ದಾರಿಯಲ್ಲಿ ತಿದ್ದುಪಡಿಯನ್ನೂ ಕಳಿಸಬೇಕು. ಸದ್ದಿಲ್ಲದೆ ಅಳಿಸಿಹಾಕಿದರೆ ಸಾಲದು. ಯಾರ ಮನಸ್ಸಿನಲ್ಲಿ ಭಯವನ್ನು ಬಿತ್ತಲಾಯಿತೋ ಅವರ ಮುಂದೆಯೇ 'ತಪ್ಪಾಯಿತು' ಎನ್ನಬೇಕು.

ಪ್ರತಿವರ್ಷ ಕ್ಷಮಾವಣಿಯ ದಿನ ಬಣ್ಣದ ಚಿತ್ರಗಳೊಡನೆ ಕ್ಷಮಾಯಾಚನೆಯ ಸಂದೇಶಗಳು ಸಾಲುಸಾಲಾಗಿ ಹೊರಡುತ್ತವೆ. ಯಾವ ತಪ್ಪಿಗಾಗಿ, ಯಾರಲ್ಲಿ ಎಂಬುದು ಅವುಗಳಲ್ಲಿ ಇರುವುದಿಲ್ಲ. ಬಂದದ್ದನ್ನೇ ಮುಂದೂಡಿದ ಕ್ಷಮೆ ಅದು. ಅದರ ಬದಲು, ವರ್ಷದಲ್ಲಿ ವಿಚಾರಿಸದೆ ಹಂಚಿದ ಒಂದೇ ಒಂದು ಸುಳ್ಳು ಸುದ್ದಿಯನ್ನು ನೆನಪಿಸಿಕೊಂಡು, ಅದನ್ನು ಪಡೆದವರಿಗೆ ತಾನೇ ಬರೆದು ಕ್ಷಮೆ ಕೇಳುವ ಶ್ರಾವಕನ ಮಾತು ನಾಲ್ಕು ಸಾಲಿನದಾದರೂ ಅದು ನಿಜವಾದ ಪ್ರತಿಕ್ರಮಣ.

ಓಲೆಯಿಂದ ಕಾಗದಕ್ಕೆ ಬರುವಾಗ ಹಿರಿಯರು ಶಾಸ್ತ್ರದ ಮರ್ಯಾದೆಯನ್ನೂ ಜೊತೆಗೆ ತಂದರು. ಬಾವಿಯಿಂದ ನಳಕ್ಕೆ ಬರುವಾಗ ಬಟ್ಟೆಯನ್ನು ತಂದರು. ಕಾಗದದಿಂದ ಗಾಜಿನ ಪರದೆಗೆ ಬಂದಿರುವ ಈ ಪೀಳಿಗೆ ಅಂಥ ಮರ್ಯಾದೆಯನ್ನು ತರುವ ಕೆಲಸ ಇನ್ನೂ ಬಾಕಿ ಉಳಿದಿದೆ. ಉತ್ಸವದ ಈ ಪುಣ್ಯದಿನಗಳಲ್ಲಿ ಮನೆಯ ಹಿರಿಯರೂ ಕಿರಿಯರೂ ಒಂದೆಡೆ ಕುಳಿತು ಈ ವಿಚಾರ ಮಾಡಲಿ. ಸೋಸಿದ ನೀರು ದೇಹವನ್ನು ಕಾಯುವಂತೆ ಸೋಸಿದ ಮಾತು ಕಾಣದ ಊರಿನ ಕಾಣದ ಜೀವವನ್ನು ಕಾಯಲಿ. ಸರ್ವರಿಗೂ ಶುಭವಾಗಲಿ.